ಹೊಳೆ ದಾಸವಾಳ: ಹೂವೂ ಬೇಕು, ಹಲಗೆಯೂ ಬೇಕು ಅಂದರೆ ಹೇಗೆ?

ಏಪ್ರಿಲ್ ಕೊನೆಯಲ್ಲಿ ಮೈಸೂರಿನ ರಸ್ತೆಗಳಲ್ಲಿ ಗುಲ್‌ಮೊಹರ್ ಕೆಂಪಾಗುವ ಹೊತ್ತಿಗೆ ಇನ್ನೊಂದು ಮರ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಅದೇ ಹೊಳೆ ದಾಸವಾಳ. ಪೇಟೆಯವರಿಗೆ ಅದು ಅಂದದ ಮರ. ನಾಟಾ ವ್ಯಾಪಾರಿಗಳಿಗೆ ಅದೇ ಮರ 'ಜಾರುಲ್', ಅಸ್ಸಾಂ, ಬಂಗಾಳದ ಕಡೆ ಹೆಸರಾದ ಗಟ್ಟಿ ನಾಟಾ. ಇವೆರಡೂ ಗೊತ್ತಾದ ಕೂಡಲೇ ಮಂಡ್ಯ ಕಡೆಯ ರೈತರು ಕೇಳುವ ಪ್ರಶ್ನೆ ಒಂದೇ: "ಬದುವಿಗೆ ಹಾಕಿದ್ರೆ ಹೂವೂ ಆಯ್ತು, ಮುಂದೆ ದುಡ್ಡೂ ಆಯ್ತು, ಅಲ್ವಾ?"

ಎರಡೂ ಸಿಗುತ್ತವೆ, ಆದರೆ ಒಂದೇ ಮರದಿಂದ ಎರಡೂ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಮಣ್ಣಾಗಲಿ, ಗೊಬ್ಬರವಾಗಲಿ ಕಾರಣವಲ್ಲ. ಈ ಮರ ಹೂ ಬಿಡುವ ಜಾಗವೇ ಕಾರಣ.

ಮೊದಲು ಮರ ಯಾವುದು ಅಂತ ಖಚಿತ ಮಾಡಿಕೊಳ್ಳೋಣ. ನೇರಳೆ ಹೂವಿನ ಮರ ಅಂದ ತಕ್ಷಣ ಜಕರಂಡ ಅಂದುಬಿಡುವವರು ಜಾಸ್ತಿ. ಜಕರಂಡ ದಕ್ಷಿಣ ಅಮೆರಿಕದ್ದು. ಅದರ ಎಲೆ ಸಣ್ಣ ಸಣ್ಣದಾಗಿ ಸೀಳಿದಂತಿರುತ್ತದೆ, ಹೂವು ಕೊಳವೆಯ ಆಕಾರದ್ದು. ಜನವರಿಯಿಂದ ಮಾರ್ಚ್‌ವರೆಗೆ ಎಲೆಯೇ ಇಲ್ಲದೆ ಗುಲಾಬಿ ಬಣ್ಣದಲ್ಲಿ ತುಂಬಿಕೊಳ್ಳುವುದು ಟಬೂಬಿಯ, ಅದೂ ಮಧ್ಯ ಅಮೆರಿಕದಿಂದ ಬಂದದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದು. ನಮ್ಮ ರಸ್ತೆಬದಿಯ ಅಂದದ ಮರಗಳಲ್ಲಿ ಹೊರಗಿನಿಂದ ಬಂದವೇ ಹೆಚ್ಚು. ಹೊಳೆ ದಾಸವಾಳ ಮಾತ್ರ ಇಲ್ಲಿಯದೇ. ಪಶ್ಚಿಮ ಘಟ್ಟದ ಹೊಳೆ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುತ್ತದೆ. ಅಸ್ಸಾಂ, ಬರ್ಮಾ ದಾಟಿ ಫಿಲಿಪ್ಪೀನ್ಸ್‌ವರೆಗೂ ಇದರ ನೆಲೆ ಹಬ್ಬಿದೆ. ಮಹಾರಾಷ್ಟ್ರದವರು ಇದನ್ನು ರಾಜ್ಯಪುಷ್ಪ ಮಾಡಿಕೊಂಡಿದ್ದಾರೆ.

ದಾಸವಾಳಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದರ ಬಳಗದಲ್ಲಿರುವುದು ಗೋರಂಟಿ ಮತ್ತು ದಾಳಿಂಬೆ. ದಾಳಿಂಬೆಯ ಮಾತು ನಂಬಿಕೆ ಬರದಿದ್ದರೆ ಹೊಳೆ ದಾಸವಾಳದ ಒಂದು ಕಾಯಿ ಕಿತ್ತು ನೋಡಿ. ಹೂವಿನ ತಳದಲ್ಲಿ ಆರು ಮೂಲೆಯ ದಪ್ಪ ಬಟ್ಟಲು ಇರುತ್ತದೆ. ಉದ್ದಕ್ಕೂ ಗೀರು ಗೀರು, ಮೇಲೆ ಬೂದಿ ಬಣ್ಣದ ಸಣ್ಣ ರೋಮ. ದಳ ಉದುರಿದರೂ ಈ ಬಟ್ಟಲು ಉದುರುವುದಿಲ್ಲ. ಕಾಯಿ ಬಲಿತಂತೆ ಅದು ಗಟ್ಟಿಯಾಗಿ ನಕ್ಷತ್ರದ ಹಾಗೆ ಬಿಚ್ಚಿಕೊಂಡು ಕಾಯಿಗೆ ಅಂಟಿಕೊಂಡೇ ಇರುತ್ತದೆ. ದಾಳಿಂಬೆ ಹಣ್ಣಿನ ತುದಿಯ ಕಿರೀಟವೂ ಹೀಗೇ ಉಳಿದುಕೊಂಡ ಹೂವಿನ ಬಟ್ಟಲೇ. ದಾಳಿಂಬೆಯಲ್ಲಿ ಅದು ತುದಿಯಲ್ಲಿ, ಇಲ್ಲಿ ಬುಡದಲ್ಲಿ, ಅಷ್ಟೇ ವ್ಯತ್ಯಾಸ.

ಹೂವಿಗೆ ಸಾಮಾನ್ಯವಾಗಿ ಆರು ದಳ. ಪ್ರತಿ ದಳವೂ ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ, ಅಂಚೆಲ್ಲ ಸುಕ್ಕು ಸುಕ್ಕು. ಅಗಲ 5ರಿಂದ 8 ಸೆಂಟಿಮೀಟರ್. ನಡುವೆ ಹಳದಿ ಕೇಸರಗಳ ದೊಡ್ಡ ಗುಂಪು. ಇದರಲ್ಲಿ ಮಕರಂದ ಇಲ್ಲ. ಜೇನುಹುಳ, ದೊಡ್ಡ ಕಪ್ಪು ಭ್ರಮರ ಎಲ್ಲ ಬರುವುದು ಪರಾಗಕ್ಕಾಗಿ. ಅಷ್ಟೊಂದು ಕೇಸರ ಯಾಕೆ ಅಂತ ಕೇಳಿದರೆ ಉತ್ತರ ಇದೇ: ಹುಳಕ್ಕೆ ತಿನ್ನಲು ಕೊಟ್ಟೂ ಕಾಯಿ ಕಟ್ಟಲು ಒಂದಿಷ್ಟು ಪರಾಗ ಮಿಗಬೇಕು. ಬೆಳಿಗ್ಗೆ ಏಳೆಂಟು ಗಂಟೆಗೆ ಹೂ ಬಿಟ್ಟ ಮರದ ಕೆಳಗೆ ನಿಂತರೆ ಗುಂಯ್‌ಗುಡುವ ಸದ್ದು ಕೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಲಸಿನ ಮರ ಕಾಂಡದ ಮೈಮೇಲೇ ಹೂ ಬಿಡುತ್ತದೆ. ಹೊಳೆ ದಾಸವಾಳ ಹಾಗಲ್ಲ. ಇದರ ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ, ಅದೂ ಆ ವರ್ಷ ಹೊಸದಾಗಿ ಚಿಗುರಿದ ರೆಂಬೆಯಲ್ಲಿ. ತುದಿಯ ಮೊಗ್ಗು ಒಮ್ಮೆ ಹೂಗೊಂಚಲಾಯಿತು ಅಂದರೆ ಆ ರೆಂಬೆ ಅಲ್ಲಿಂದ ಮುಂದಕ್ಕೆ ಬೆಳೆಯುವುದಿಲ್ಲ. ಮಂಡ್ಯದವರಿಗೆ ಇದನ್ನು ವಿವರಿಸಲು ಕಬ್ಬೇ ಸಾಕು: ಸೂಲಂಗಿ, ಅಂದರೆ ತುದಿಯ ಹೂ, ಬಂದ ಕಬ್ಬು ಉದ್ದವಾಗುವುದು ನಿಂತು, ಪಕ್ಕದ ಕಣ್ಣುಗಳು ಒಡೆಯಲು ಶುರುವಾಗುತ್ತವೆ, ಹಾಗೆಯೇ ಇದೂ.

ಪಕ್ಕದ ಕಣ್ಣು ಒಡೆಯುವ ರೀತಿಯಲ್ಲೇ ಇನ್ನೊಂದು ಸಂಗತಿ ಇದೆ. ಈ ಮರದ ಎಲೆಗಳು ಬಹುಮಟ್ಟಿಗೆ ಎದುರುಬದುರು. ಎಲೆ ಎಲ್ಲಿರುತ್ತದೋ ಅದರ ಬುಡದಲ್ಲೇ ಕಣ್ಣು. ಹಾಗಾಗಿ ಗೊಂಚಲು ಒಣಗಿದ ಮೇಲೆ ಅದರ ಕೆಳಗಿನಿಂದ ಎರಡು ಚಿಗುರು, ಒಂದು ಎಡಕ್ಕೆ ಒಂದು ಬಲಕ್ಕೆ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಹೊರಡುತ್ತವೆ. ಅಲ್ಲೊಂದು ಕವಲು ಹುಟ್ಟಿತು. ಮುಂದಿನ ವರ್ಷ ಆ ಎರಡೂ ತುದಿಯಲ್ಲಿ ಹೂ ಬಂದರೆ ಕವಲು ನಾಲ್ಕು. ತುದಿಗಳು ಹೆಚ್ಚಿದಷ್ಟೂ ಗೊಂಚಲು ಹೆಚ್ಚುತ್ತವೆ. ಹೂವಿನ ಮರವಾಗಿ ನೋಡಿದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ, ವರ್ಷ ವರ್ಷವೂ ಹೂವಿನ ಜಾಗ ತಾನೇ ಜಾಸ್ತಿಯಾಗುತ್ತಾ ಹೋಗುತ್ತದೆ. ಹಲಗೆಯ ಲೆಕ್ಕದಲ್ಲಿ ನೋಡಿದರೆ ಒಂದೊಂದು ಕವಲೂ ಒಂದೊಂದು ನಷ್ಟ. ಅದರಲ್ಲೂ ಗಿಡ ಚಿಕ್ಕದಿದ್ದಾಗಲೇ ನಡುಕಾಂಡದ ತುದಿಯಲ್ಲಿ ಹೂ ಬಂದರೆ ಕಾಂಡವೇ ಎರಡಾಗಿ ಒಡೆದುಕೊಳ್ಳುತ್ತದೆ. ಈ ಗಿಡ ಚಿಕ್ಕ ವಯಸ್ಸಿಗೇ ಹೂ ಬಿಡುವ ಜಾತಿ ಬೇರೆ. ಆಳೆತ್ತರ ದಾಟಿತೋ ಇಲ್ಲವೋ ಒಂದೆರಡು ಗೊಂಚಲು ತೋರಿಸಿಬಿಡುತ್ತದೆ. ಮನೆ ಮುಂದೆ ನೆಟ್ಟವರಿಗೆ ಸಂತೋಷ, ನಾಟಾಕ್ಕೆ ನೆಟ್ಟವರಿಗೆ ಅಲ್ಲೇ ತಾಪತ್ರಯ ಶುರು.

ಹಾಗಾದರೆ ಕಾಡಿನಲ್ಲಿ ಇದೇ ಮರ ನೇರ ಬೆಳೆಯುವುದು ಹೇಗೆ? ಬೆಳಕಿನಿಂದ. ಸುತ್ತ ಒತ್ತಾಗಿ ಮರಗಳಿದ್ದಾಗ ಬೆಳಕು ಮೇಲಿನಿಂದ ಮಾತ್ರ ಬರುತ್ತದೆ. ಪಕ್ಕದ ರೆಂಬೆಗಳು ನೆರಳಲ್ಲಿ ಸೊರಗಿ, ಒಣಗಿ, ತಾವಾಗಿ ಬೀಳುತ್ತವೆ. ಕವಲೊಡೆದರೂ ಎರಡರಲ್ಲಿ ಒಂದು ಹಿಂದೆ ಬಿದ್ದು ಸಾಯುತ್ತದೆ, ಇನ್ನೊಂದು ಮೇಲೆ ಹೋಗುತ್ತದೆ. ಇಪ್ಪತ್ತಡಿ ಮೇಲೆ ಹೋಗುವವರೆಗೂ ರೆಂಬೆಯೇ ಇಲ್ಲದ ಕಂಬ ಸಿಗುವುದು ಹೀಗೆ. ಇದನ್ನು ಕಣ್ಣಾರೆ ನೋಡಬೇಕು ಅಂದರೆ ನಾಗರಹೊಳೆ ಕಾಡಿನ ದಾರಿಯಲ್ಲಿ ಹೋಗುವಾಗ ನಂದಿ ಮರಗಳನ್ನು ಗಮನಿಸಿ. ನಂದಿ ಇದೇ ಕುಲದ ಮರ, ಹೊಳೆ ದಾಸವಾಳದ ಖಾಸಾ ಅಣ್ಣ. ತೊಗಟೆ ತೆಳ್ಳಗೆ ಸುಲಿದು ಮೈ ನುಣುಪಾಗಿ ಬೆಳ್ಳಗಿರುವುದರಿಂದ ದೂರಕ್ಕೇ ಗೊತ್ತಾಗುತ್ತದೆ. ಅದರ ಹೂವು ಬಿಳಿ, ಚಿಕ್ಕದು. ಅಂದಕ್ಕೆ ಯಾರೂ ನೆಡುವುದಿಲ್ಲ. ನಾಟಾಕ್ಕೆ ಮಾತ್ರ ಬಲು ಬೆಲೆ.

ಉದ್ದನೆಯ ಕಾಂಡಕ್ಕೆ ಅಷ್ಟೊಂದು ಮಹತ್ವ ಯಾಕೆ ಅನ್ನುವುದು ಸಾ ಮಿಲ್ ಲೆಕ್ಕ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ದಿಮ್ಮಿಯ ನಡುಭಾಗದ ಸುತ್ತಳತೆ ತೆಗೆದುಕೊಂಡು ನಾಲ್ಕರಿಂದ ಭಾಗಿಸುತ್ತಾರೆ. ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುತ್ತಾರೆ. ಅದು ಘನ ಅಡಿ. ಸುತ್ತಳತೆ 4 ಅಡಿ ಇರುವ ಮರ 6 ಅಡಿಗೇ ಕವಲೊಡೆದಿದ್ದರೆ ಸಿಗುವುದು 6 ಘನ ಅಡಿ. ಅಷ್ಟೇ ದಪ್ಪದ ಕಾಂಡ 16 ಅಡಿ ನೇರ ಹೋಗಿದ್ದರೆ 16 ಘನ ಅಡಿ. ಇದು ಉದ್ದದ ಲಾಭ. ದಪ್ಪದ ಲಾಭ ಇನ್ನೂ ದೊಡ್ಡದು. 16 ಅಡಿ ಉದ್ದದ ದಿಮ್ಮಿಯ ಸುತ್ತಳತೆ 2 ಅಡಿ ಇದ್ದಾಗ ಬರುವುದು 4 ಘನ ಅಡಿ, 4 ಅಡಿಯಾದಾಗ 16, 6 ಅಡಿಯಾದಾಗ 36. ದಪ್ಪ ಮೂರು ಪಟ್ಟು, ನಾಟಾ ಒಂಬತ್ತು ಪಟ್ಟು. ಅವಸರಕ್ಕೆ ಎಳೆಯ ಮರ ಕಡಿದು ಮಾರಿದವರು ಏನು ಕಳೆದುಕೊಳ್ಳುತ್ತಾರೆ ಅನ್ನುವುದು ಈ ಲೆಕ್ಕದಲ್ಲೇ ಇದೆ.

ಎಳೆಯ ಮರದ ಇನ್ನೊಂದು ಕೊರತೆ ಅಳತೆಗೆ ಸಿಗುವುದಿಲ್ಲ, ಅದು ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಗಟ್ಟಿ ಮರ. ಕಾಂಡದ ಹೊರಪದರ ನೀರು ಸಾಗಿಸುವ ಜೀವಂತ ಭಾಗ, ಬಡಗಿಗಳು 'ವೈಟ್' ಅನ್ನುವುದು ಅದನ್ನೇ. ಅದರಲ್ಲಿ ಪಿಷ್ಟ, ಸಕ್ಕರೆ ಇರುವುದರಿಂದ ಕುಟ್ಟೆ ಹುಳಕ್ಕೆ ಅದೇ ಊಟ. ಮರಕ್ಕೆ ವಯಸ್ಸಾದಂತೆ ಒಳಗಿನ ಪದರಗಳು ನೀರು ಸಾಗಿಸುವ ಕೆಲಸ ಬಿಡುತ್ತವೆ. ಅಲ್ಲಿನ ಕೊಳವೆಗಳು ಮುಚ್ಚಿಕೊಳ್ಳುತ್ತವೆ. ಹುಳ, ಬೂಷ್ಟಿಗೆ ಸೇರದ ರಸಾಯನಗಳು ಅಲ್ಲಿ ತುಂಬಿಕೊಳ್ಳುತ್ತವೆ. ಬಣ್ಣ ಬರುವುದೂ ಆಗಲೇ. ಹೊಳೆ ದಾಸವಾಳದ ಚೇಗು ತೆಳು ಕೆಂಪಿನಿಂದ ಕೆಂಗಂದು ಬಣ್ಣ. ತೋಪಡಕ್ಕೆ ಚೆನ್ನಾಗಿ ಬಗ್ಗುತ್ತದೆ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ.

ದಿಮ್ಮಿ ಕೊಯ್ದ ಮುಖ ನೋಡಿದರೆ ಉಂಗುರಗಳು ಕಾಣುತ್ತವೆ. ಫೆಬ್ರವರಿ ಹೊತ್ತಿಗೆ ಈ ಮರ ಎಲೆಗಳನ್ನು ತಾಮ್ರದ ಬಣ್ಣಕ್ಕೆ ತಿರುಗಿಸಿ ಉದುರಿಸುತ್ತದೆ. ಆಮೇಲೆ ಹೊಸ ಎಲೆ, ಹೂವು ಎಲ್ಲ ಒಟ್ಟಿಗೆ ಬರುವಾಗ ಒಮ್ಮೆಲೇ ಜಾಸ್ತಿ ನೀರು ಬೇಕು. ಆಗ ಕಟ್ಟುವ ಮರದಲ್ಲಿ ದೊಡ್ಡ ದೊಡ್ಡ ತೂತಿನ ಕೊಳವೆಗಳಿರುತ್ತವೆ. ವರ್ಷದ ಉಳಿದ ಭಾಗದಲ್ಲಿ ಕಟ್ಟುವುದು ಸಣ್ಣ ಕೊಳವೆಯ ಗಟ್ಟಿ ಮರ. ಒಂದು ಸಾಲು ದೊಡ್ಡ ತೂತು, ಒಂದು ಪಟ್ಟಿ ಗಟ್ಟಿ, ಹೀಗೆ ಸುತ್ತು ಸುತ್ತಾಗಿ ಹೋಗುತ್ತದೆ. ತೇಗದಲ್ಲೂ ಇದೇ ಬಗೆ. ಹಲಗೆ ಕೊಯ್ದಾಗ ತೇಗದಂಥ ಎಳೆಯ ಚಿತ್ತಾರ ಬರುವುದು ಇದರಿಂದಲೇ.

ಈ ನಾಟಾದ ಹೆಸರಿರುವುದು ನೀರಿನಲ್ಲಿ ಬಾಳುವುದಕ್ಕೆ. ದೋಣಿ ಕಟ್ಟಲು, ಬಾವಿಯ ತಳಕ್ಕೆ ಚೌಕಟ್ಟು ಕೂರಿಸಲು, ಗಾಡಿ ಮಾಡಲು, ಮನೆಗೆ ತೊಲೆ ಕಂಬ ಹಾಕಲು ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಹೊಳೆ ದಂಡೆಯ ಮರ ಹೊಳೆಯ ದೋಣಿಗೇ ಹೋಯಿತು ಅನ್ನಿ.

ಇಷ್ಟು ಒಳ್ಳೆಯ ನಾಟಾ ಆಗಿದ್ದರೂ ಗಾಳಿ ಮಳೆಗೆ ಬಿದ್ದ ಬೀದಿಮರ ಸೌದೆಯ ದರಕ್ಕೆ ಹೋಗುತ್ತದೆ. ಜನಕ್ಕೆ ಇದು ಅನ್ಯಾಯ ಅನ್ನಿಸುತ್ತದೆ. ಆದರೆ ಮಿಲ್‌ನವರ ಕಡೆಯೂ ಕಾರಣಗಳಿವೆ. ಕಾಂಡ ಗಿಡ್ಡ. ರೆಂಬೆ ಕಡಿದ ಕಡೆಯೆಲ್ಲ ಗಂಟು, ಕೆಲವು ಗಂಟಿನೊಳಗೆ ಕೊಳೆತ ಕುಳಿ. ಬೀದಿಯಲ್ಲಿ ಒಂದು ಕಡೆ ಕಟ್ಟಡ, ಒಂದು ಕಡೆ ಬಯಲು ಇರುವುದರಿಂದ ಮರ ಬೆಳಕಿನತ್ತ ವಾಲಿರುತ್ತದೆ. ವಾಲಿದ ಕಾಂಡ ತನ್ನನ್ನು ಎಳೆದು ಹಿಡಿಯಲು ಮೇಲ್ಭಾಗದಲ್ಲಿ ಬೇರೆ ಬಗೆಯ ಬಿಗಿ ಎಳೆಗಳನ್ನು ಕಟ್ಟುತ್ತದೆ. ಜೀವ ಇದ್ದಷ್ಟು ದಿನ ಅದು ಮರವನ್ನು ಕಾಪಾಡುತ್ತದೆ. ಕೊಯ್ದು ಒಣಗಿಸಿದಾಗ ಆ ಭಾಗ ಉಳಿದ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ, ಹಲಗೆ ಸೊಟ್ಟಗಾಗುತ್ತದೆ. ಇದೆಲ್ಲಕ್ಕಿಂತ ಮಿಲ್‌ನವರು ಹೆದರುವುದು ಮೊಳೆಗೆ. ಟ್ಯೂಷನ್, ಪಿಜಿ, 'ಸೈಟು ಮಾರಾಟಕ್ಕಿದೆ' ಬೋರ್ಡುಗಳನ್ನು ಮರಕ್ಕೆ ಹೊಡೆದು, ಬೋರ್ಡು ಹೋದರೂ ಮೊಳೆ ಅಲ್ಲೇ. ಮರ ಅದರ ಮೇಲೆ ಬೆಳೆದು ಮುಚ್ಚಿಕೊಂಡು ಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗರಗಸದ ಪಟ್ಟಿಗೆ ತಾಗಿದಾಗಲೇ ಗೊತ್ತಾಗುವುದು.

ಹಾಗಂತ ಬೀದಿಮರ ಕಡಿಮೆ ಮರ ಅಂತಲ್ಲ, ಅದನ್ನು ನೆಟ್ಟದ್ದೇ ಬೇರೆ ಕೆಲಸಕ್ಕೆ. ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಹೂ ಬಿಡಬೇಕು, ಊರಲ್ಲಿ ವರ್ಷವಿಡೀ ಎಲ್ಲಾದರೂ ಬಣ್ಣ ಇರಬೇಕು ಅನ್ನುವ ಯೋಚನೆಯಲ್ಲಿ ಬೀದಿಮರ ಆರಿಸಿದವರಲ್ಲಿ ಜಿ.ಎಚ್. ಕ್ರುಂಬಿಗಲ್ ಹೆಸರು ದೊಡ್ಡದು. ಜರ್ಮನಿಯವರು, ಬರೋಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಬೆಂಗಳೂರಿನ ಬೀದಿಗಳಲ್ಲಿ ಈ ಪದ್ಧತಿ ತಂದರು. ಕೆಆರ್‌ಎಸ್‌ನ ಬೃಂದಾವನ ತೋಟದ ವಿನ್ಯಾಸದಲ್ಲೂ ಅವರ ಹೆಸರಿದೆ. ಆ ಲೆಕ್ಕದಲ್ಲಿ ಹೊಳೆ ದಾಸವಾಳದ ಪಾಳಿ ಬೇಸಿಗೆಯ ಕೊನೆಯಿಂದ ಮಳೆಗಾಲದ ಶುರುವಿನವರೆಗೆ.

ಬೀದಿಯ ಮರದಿಂದ ಹೂ ಕಿತ್ತುಕೊಳ್ಳುವುದು ಹೆಚ್ಚಾಗಿ ಬರಗಾಲವಲ್ಲ, ಕತ್ತರಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ ಅಂದೆನಲ್ಲ. ಎಲೆ ಉದುರಿದ ಫೆಬ್ರವರಿಯಲ್ಲಿ ರೆಂಬೆ ಸವರಿದರೆ ಹೊಸ ಚಿಗುರು ಬಂದು ಹೂ ಬಿಡಲು ಸಮಯ ಇರುತ್ತದೆ. ಮಳೆಗಾಲಕ್ಕೆ ಮೊದಲು ವಿದ್ಯುತ್ ತಂತಿ ಬಿಡಿಸಬೇಕು ಅಂತ ಏಪ್ರಿಲ್, ಮೇನಲ್ಲಿ ತಲೆ ಬೋಳಿಸಿದರೆ ಆ ವರ್ಷದ ಗೊಂಚಲು ರೆಂಬೆಯ ಜತೆಗೇ ಲಾರಿ ಹತ್ತುತ್ತದೆ. ನನ್ನ ಮಟ್ಟಿಗೆ ತಂತಿಯ ಕೆಳಗೆ ಈ ಮರ ನೆಡುವುದೇ ತಪ್ಪು ಆಯ್ಕೆ. ಊರಲ್ಲೂ ಇದು 10ರಿಂದ 15 ಮೀಟರ್ ಹೋಗುತ್ತದೆ. ತಂತಿ ಇಲ್ಲದ ಬದಿಗೆ ನೆಟ್ಟು, ಮನೆಯ ಕಾಂಪೌಂಡಿನಿಂದ ಒಂದಿಷ್ಟು ದೂರ ಬಿಟ್ಟು, ಆಮೇಲೆ ಅದರ ಪಾಡಿಗೆ ಬಿಡುವುದು ವಾಸಿ. ಮನೆಯಂಗಳದ ಚಿಕ್ಕ ಮರವಾದರೆ ಮೊದಲ ಸುತ್ತಿನ ಗೊಂಚಲು ಬಾಡಿದ ಕೂಡಲೇ ಕಾಯಿ ಕಟ್ಟುವ ಮೊದಲು ಕತ್ತರಿಸಿ ನೋಡಿ. ಮಳೆಗಾಲದಲ್ಲಿ ಇನ್ನೊಂದು ಸಣ್ಣ ಸುತ್ತು ಹೂ ಬರುವ ಸಾಧ್ಯತೆ ಇದೆ.

ಇನ್ನು ಮಂಡ್ಯದ ಬದು. ಇಲ್ಲಿ ಮೊದಲು ನೋಡಬೇಕಾದ್ದು ನೀರು. ಮೈಸೂರು, ಮಂಡ್ಯದ ಮಳೆ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್. ಈ ಮರದ ತವರಾದ ಘಟ್ಟದಲ್ಲಿ ಅದರ ಎರಡು ಮೂರು ಪಟ್ಟು ಮೀರುತ್ತದೆ. ಹಾಗಾಗಿ ನಾಗಮಂಗಲ ಕಡೆಯ ಮಳೆಯಾಶ್ರಿತ ಎತ್ತರದ ಹೊಲದಲ್ಲಿ ಹಾಕಿದರೆ ಬದುಕುತ್ತದೆ, ಆದರೆ ಕುಂಟುತ್ತಾ ಬೆಳೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಕಾಲುವೆಯ ಬಸಿನೀರು ನಿಲ್ಲುವ ಮೂಲೆಯಲ್ಲಿ, ಕೆರೆ ಹಿನ್ನೀರಿನ ಅಂಚಿನಲ್ಲಿ ಅದೇ ಗಿಡ ಸಲೀಸಾಗಿ ಏಳುತ್ತದೆ. ತೇಗಕ್ಕೆ ಬೇರಿನ ಬಳಿ ನೀರು ನಿಂತರೆ ಆಗುವುದಿಲ್ಲ. ತೇಗ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ, ನನ್ನ ಪ್ರಕಾರ ಮಂಡ್ಯದಲ್ಲಿ ಇದಕ್ಕೆ ಇರುವ ನಿಜವಾದ ಅವಕಾಶ ಅದೇ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ಬೇಸಿಗೆಯಲ್ಲಿ, ಮೊದಲ ಎರಡು ವರ್ಷ ಮಾತ್ರ ಗಿಡಕ್ಕೆ ಕೈನೀರು ಕೊಡಬೇಕು. ಮೇಕೆಯಿಂದ ಕಾಪಾಡಬೇಕು, ಅದು ಬೇರೆ ಕಥೆ.

ನಾಟಾಕ್ಕೆ ಅಂತ ನೆಟ್ಟರೆ ಕಾಡಿನ ನೆರಳು ಮಾಡುತ್ತಿದ್ದ ಕೆಲಸವನ್ನು ನಾವು ಮಾಡಬೇಕು. ಒಂಟಿ ಗಿಡಕ್ಕಿಂತ ಮೂರು ಮೀಟರ್ ಅಂತರದಲ್ಲಿ ಸಾಲು ಅಥವಾ ತೋಪು ಒಳ್ಳೆಯದು, ಗಿಡಗಳೇ ಒಂದನ್ನೊಂದು ಮೇಲಕ್ಕೆ ತಳ್ಳುತ್ತವೆ. ಒತ್ತಾದ ಮೇಲೆ ಸೊಟ್ಟ ಗಿಡ ತೆಗೆದು ಜಾಗ ಮಾಡಬೇಕು. ನಡುಕಾಂಡದ ತುದಿಯಲ್ಲಿ ಹೂಮೊಗ್ಗು ಕಂಡರೆ ಚಿವುಟಿ ಹಾಕಿ. ಎರಡು ಚಿಗುರು ಜತೆಯಾಗಿ ಎದ್ದರೆ ನೇರ ಇರುವುದನ್ನು ಉಳಿಸಿ ಇನ್ನೊಂದನ್ನು ಹೆಬ್ಬೆರಳ ಗಾತ್ರ ದಾಟುವ ಮೊದಲೇ ಕತ್ತರಿಸಿ. ರೆಂಬೆ ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಉಬ್ಬಿದ ಉಂಗುರ ಇರುತ್ತದೆ, ಅದರ ಹೊರಗೆ ಒತ್ತಿ ಕತ್ತರಿಸಬೇಕು. ಗೇಣುದ್ದ ಮೋಟು ಬಿಟ್ಟರೆ ಅದು ಕೊಳೆತು ಮುಂದೆ ಹಲಗೆಯಲ್ಲಿ ತೂತಾಗುತ್ತದೆ. ಒಂದೇ ಸಲ ಎಲ್ಲ ರೆಂಬೆ ಬೋಳಿಸಲೂ ಬೇಡಿ. ಎತ್ತರದ ಕೆಳಗಿನ ಮೂರನೇ ಒಂದು ಭಾಗ ಮಾತ್ರ ಬರಿದಾಗಲಿ, ಮೇಲಿನ ಎಲೆಗಳೇ ತಾನೇ ಕಾಂಡ ದಪ್ಪ ಮಾಡುವುದು.

ಬದುವಿನಲ್ಲಿ ಯಾವ ಬದಿ ಅನ್ನುವುದೂ ಮುಖ್ಯ. ನಮ್ಮಲ್ಲಿ ವರ್ಷದ ಹೆಚ್ಚು ಕಾಲ ಮಧ್ಯಾಹ್ನದ ಸೂರ್ಯ ತುಸು ದಕ್ಷಿಣಕ್ಕಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಭತ್ತಕ್ಕೆ, ಕಬ್ಬಿಗೆ ನೆರಳು ಬೀಳಬಾರದು ಅಂದರೆ ಉತ್ತರದ ಬದುವಿನಲ್ಲಿ ಮರ ಹಾಕಬೇಕು. ಆದರೆ ಆ ನೆರಳು ಪಕ್ಕದವರ ಗದ್ದೆಗೆ ಹೋಗುತ್ತದೆ, ಜಗಳ ಅಲ್ಲಿಂದ ಶುರು. ಆ ಕಡೆ ದಾರಿಯೋ ಕಾಲುವೆಯೋ ಇದ್ದರೆ ನಿಮ್ಮ ಅದೃಷ್ಟ.

ಮಹಾಗನಿ, ಹೆಬ್ಬೇವು ಅಂತ ಈಗ ಊರೂರಿಗೆ ಬಂದು 'ಹತ್ತು ವರ್ಷಕ್ಕೆ ಕೋಟಿ' ಲೆಕ್ಕ ಹೇಳುವವರಿದ್ದಾರೆ. ಹೊಳೆ ದಾಸವಾಳಕ್ಕೆ ಆ ಲೆಕ್ಕ ಹೇಳುವವರು ಸಿಕ್ಕರೆ ಸುಮ್ನೆ ನಕ್ಕುಬಿಡಿ. ಚೇಗು ಕಟ್ಟಿದ ದಪ್ಪ ದಿಮ್ಮಿ ಬೇಕಾದರೆ ಕಾಯಬೇಕಾದ್ದು ದಶಕಗಳು. ನೆಟ್ಟು ಬದುಕಿಸಿದ ಗಿಡಕ್ಕೆ ಮೊದಲ ಮೂರು ವರ್ಷ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಹಾಯಧನ ಕೊಡುವ ಪದ್ಧತಿ ಇದೆ. ನೆಡುವ ಮೊದಲೇ ವಲಯ ಕಚೇರಿಯಲ್ಲಿ ಹೆಸರು ಬರೆಸಬೇಕು, ಸಸಿಯನ್ನೂ ಇಲಾಖೆಯ ನರ್ಸರಿಯಿಂದಲೇ ತರಬೇಕು. ಕಡಿಯುವ ಕಾಲ ಬಂದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೆನಪಿರಲಿ. ಸಿಲ್ವರ್ ಓಕ್, ನೀಲಗಿರಿ, ಸರ್ವೆಗಳಿಗೆ ರಿಯಾಯಿತಿ ಇದೆ ಅಂತ ಎಲ್ಲ ಮರಕ್ಕೂ ಅದೇ ಅಂದುಕೊಳ್ಳಬಾರದು. ಪೇಟೆಯಲ್ಲಂತೂ ನಿಮ್ಮ ಅಂಗಳದ ಮರವೇ ಆದರೂ ವೃಕ್ಷಾಧಿಕಾರಿಯ ಅನುಮತಿ ಬೇಕು.

ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ರಾಮಬಾಣ ಅನ್ನುವ ವಾಟ್ಸ್ಆ್ಯಪ್ ಸಂದೇಶವೂ ಓಡಾಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಇದರ ಎಲೆಯಿಂದ 'ಬನಾಬ' ಚಹಾ ಮಾಡುವುದು ನಿಜ. ಎಲೆಯಲ್ಲಿರುವ ಕೊರೊಸೋಲಿಕ್ ಆಮ್ಲದ ಮೇಲೆ ಪರೀಕ್ಷೆಗಳು ನಡೆದಿರುವುದೂ ನಿಜ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡುವುದು ಮಾತ್ರ ಅಪಾಯ.

ಸಸಿ ನಾವೇ ಮಾಡಿಕೊಳ್ಳಬಹುದು. ಮಳೆಗಾಲ ಕಳೆದು ಚಳಿಗಾಲದಲ್ಲಿ ಕಾಯಿ ಕಂದು ಬಣ್ಣಕ್ಕೆ ತಿರುಗುತ್ತದೆ. ಐದಾರು ಹೋಳಾಗಿ ಒಡೆಯುವ ಮೊದಲೇ ಕಿತ್ತು ಮೊರದಲ್ಲಿ ಬಿಸಿಲಿಗಿಟ್ಟರೆ ತಾನಾಗಿ ಬಾಯಿ ಬಿಡುತ್ತದೆ. ಬೀಜಕ್ಕೆ ಒಂದು ಬದಿಗೆ ತೆಳ್ಳನೆ ರೆಕ್ಕೆ, ಫ್ಯಾನ್ ಹಾಕಿದರೆ ಎಲ್ಲ ಹಾರಿಹೋಗುತ್ತದೆ. ಮರಳು ಬೆರೆಸಿದ ಮಣ್ಣಿನ ಮೇಲೆ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ತೇವ ಆರದಂತೆ ನೋಡಿಕೊಳ್ಳಿ. ಎಲ್ಲ ಬೀಜವೂ ಹುಟ್ಟುವುದಿಲ್ಲ, ಹಾಗಾಗಿ ಕೈ ಸಡಿಲ ಬಿಟ್ಟೇ ಚೆಲ್ಲಬೇಕು. ಬೀಜ ಯಾವ ಮರದ್ದು ಅನ್ನುವುದು ಕೊನೆಯ ಆಯ್ಕೆ. ಮರದ ನಿಲುವು ಅರ್ಧ ಜಾಗದಿಂದ ಬಂದರೆ ಇನ್ನರ್ಧ ತಾಯಿಮರದಿಂದ ಬರುತ್ತದೆ. ಅಂಗಳಕ್ಕಾದರೆ ಬಣ್ಣ ಗಾಢವಾಗಿರುವ, ಗೊಂಚಲು ತುಂಬಿದ ಬೀದಿಮರದ ಕಾಯಿ ತನ್ನಿ. ಬದುವಿಗಾದರೆ ಹೂವು ನೋಡಬೇಡಿ, ಕಾಂಡ ನೆಟ್ಟಗಿರುವ ಮರದ್ದನ್ನೇ ತನ್ನಿ.